ಮಕ್ಕಳ ಸ್ವಯಂವಾಚನವೂ ಅದಕ್ಕೆ ತಕ್ಕ ಪುಸ್ತಕಗಳೂ

ಶ್ರೀಮಠದ ಮಹೋತ್ಸವದ ಸವಿನೆನಪಿಗಾಗಿ ಹೊರಡುತ್ತಿರುವ ಈ ಸಂಪುಟಕ್ಕೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರಿಂದ ನನಗೆ ಅಪ್ಪಣೆಯಾಯಿತು. ಗುರುಪರಂಪರೆ, ಶಾಸನ, ದಾನದತ್ತಿ ಮೊದಲಾದ ಘನವಾದ ವಿಷಯಗಳನ್ನು ಕುರಿತು ಬಲ್ಲ ವಿದ್ವಾಂಸರು ಬರೆಯುತ್ತಲಿರುವರು. ಶ್ರೀಮಠದ ಪುಸ್ತಕಭಂಡಾರದಲ್ಲಿ ಧೂಳು ಕೊಡವುತ್ತ ಬಹುಕಾಲ ಕಳೆದ ನನಗೆ ತೋಚಿದ್ದು ಮಾತ್ರ ಒಂದು ಚಿಕ್ಕ ವಿಷಯ. ಆದರೆ ಅದು ನಮ್ಮ ಮಕ್ಕಳ ವಿಷಯವಾದುದರಿಂದ ಸದ್ಭಕ್ತರು ಅಲ್ಪವೆಂದು ಎಣಿಸಲಾರರೆಂಬ ಧೈರ್ಯದಿಂದ ಬರೆಯಲು ತೊಡಗಿರುವೆನು.

ಮಹೋತ್ಸವದ ನಿಮಿತ್ತವಾಗಿ ನಮ್ಮ ಪ್ರಸಾದನಿಲಯದ ಮಕ್ಕಳಿಗೆಂದು ಭಕ್ತರು ಪುಸ್ತಕಗಳನ್ನು ಕಾಣಿಕೆಯಾಗಿ ಸಲ್ಲಿಸಿದರು. ಪುರಾಣಗಳ ದಪ್ಪ ಸಂಪುಟಗಳು, ಷಟ್ಪದಿ ಕಾವ್ಯಗಳು, ವಚನಗಳ ಸಮಗ್ರ ಸಂಗ್ರಹಗಳು, ನಿಘಂಟುಗಳು ಬಂದವು. ಕೊಟ್ಟವರ ಭಕ್ತಿ ದೊಡ್ಡದು. ಬಂದ ಗ್ರಂಥಗಳೂ ದೊಡ್ಡವು. ಆದರೆ ಅವುಗಳನ್ನು ಕಪಾಟಿನಲ್ಲಿ ಜೋಡಿಸುವಾಗ ನೋಡಲಾಗಿ, ಎರಡನೆಯ ಮೂರನೆಯ ಇಯತ್ತೆಯ ಮಗುವೊಂದು ತಾನಾಗಿ ತೆರೆದು, ತಾನಾಗಿ ಓದಿ, ತಾನಾಗಿ ಮುಗಿಸಬಲ್ಲ ಪುಸ್ತಕಗಳು ಕೈಬೆರಳಿನ ಎಣಿಕೆಗಿಂತ ಹೆಚ್ಚಿರಲಿಲ್ಲ. ಹೀಗೇಕಾಯಿತು? ಓದಲು ಆಗತಾನೆ ಕಲಿಯುತ್ತಿರುವ ಮಗುವಿನ ಕೈಗೆ ಎಂಥ ಪುಸ್ತಕವನ್ನು ಕೊಡಬೇಕು? ಈ ಪ್ರಶ್ನೆಗೆ ನಮ್ಮ ಹಿರಿಯರು ಯಾವ ಉತ್ತರ ಕೊಟ್ಟಿದ್ದರು, ಕಾಲವು ಅದನ್ನು ಹೇಗೆ ಬದಲಿಸಿತು ಎಂಬುದನ್ನು ಯಥಾಮತಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಠಣವೇ ಬೇರೆ, ವಾಚನವೇ ಬೇರೆ. ಗುರುಮುಖದಿಂದ ಕೇಳಿದ್ದನ್ನು ಬಾಯಿಗೆ ತಂದುಕೊಂಡು ತಪ್ಪಿಲ್ಲದೆ ಒಪ್ಪಿಸುವುದು ಪಠಣ. ಎಂದೂ ಕೇಳಿರದ ಬರಹವೊಂದನ್ನು ಕಣ್ಣಿನಿಂದ ಗ್ರಹಿಸಿ, ಯಾರ ನೆರವೂ ಇಲ್ಲದೆ ಅದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ಸ್ವಯಂವಾಚನ. ಎರಡೂ ವಿದ್ಯೆಗಳೇ. ಆದರೆ ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ಬಂದಿತೆಂದು ತಿಳಿಯುವುದು ಪ್ರಮಾದ. ಈ ಪ್ರಮಾದವು ಬಹು ಹಳೆಯದು. ಅದರಿಂದ ನಾನೂ ತಪ್ಪಿಸಿಕೊಂಡವನಲ್ಲವೆಂಬುದನ್ನು ಮುಂದೆ ನಿವೇದಿಸುವೆನು.

ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಹಿಂದೆ ಪಾಠಶಾಲೆಗೆ ಮಠವೆಂದೇ ಹೆಸರಿದ್ದಿತು. ಜಂಗಮ ಅಯ್ಯನವರು ತಮ್ಮ ಮನೆಯ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಊರ ಮಕ್ಕಳನ್ನು ಕೂಡ್ರಿಸಿಕೊಂಡು ಅಕ್ಷರ ಕಲಿಸುತ್ತಿದ್ದರು. ಸಾಲಿಮಠವೆಂಬ ಮನೆತನದ ಹೆಸರು ಈಗಲೂ ಆ ಕಾಲದ ಗುರುತಾಗಿ ಉಳಿದಿರುವುದು. ತಾಯಿತಂದೆಗಳು ಕೊಡುವ ಕಾಳುಕಡಿ, ಕಾಸುಗಳೇ ಗುರುವಿನ ಕೂಲಿಯಾದುದರಿಂದ ಇಂಥವಕ್ಕೆ ಕೂಲಿಮಠಗಳೆಂದೂ ಹೆಸರಾಯಿತು. ಅಕ್ಷರಾರಂಭವು ಓಂ ನಮಃ ಶಿವಾಯ ಎಂಬ ನಮಸ್ಕಾರದಿಂದ ಆಗುತ್ತಿದ್ದಿತು. ಅದೇ ಮಕ್ಕಳ ಬಾಯಲ್ಲಿ ಓನಾಮವಾಗಿ, ಯಾವ ಕೆಲಸದ ಆರಂಭಕ್ಕೂ ಓನಾಮವೆಂದು ಹೇಳುವ ರೂಢಿ ನಮ್ಮ ನುಡಿಯಲ್ಲಿ ನೆಲೆಗೊಂಡಿತು.

ಈ ಮಠಗಳಲ್ಲಿ ಮಕ್ಕಳು ಏನನ್ನು ಓದುತ್ತಿದ್ದರು? ಇದಕ್ಕೆ ಊಹೆಯ ಅವಶ್ಯಕತೆಯಿಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಅಧೀನದ ಜಿಲ್ಲೆಗಳಲ್ಲಿರುವ ದೇಶೀಯ ಪಾಠಶಾಲೆಗಳ ಸ್ಥಿತಿಯನ್ನು ವಿಚಾರಿಸಿ ವರದಿ ಕಳಿಸಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು. ಆಗ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ಕಳಿಸಿದ ವರದಿಯು ನಮಗೆ ಬಹು ಬೆಲೆಯುಳ್ಳದ್ದು. ಈತನು ದೇಶಭಾಷೆಗಳನ್ನು ಬಲ್ಲವನು. ತೆಲುಗಿಗೆ ವ್ಯಾಕರಣವನ್ನು ಬರೆದವನು. ಅನಂತಪುರ ಜಿಲ್ಲೆ ಬೇರೆಯಾದುದು 1882ರಲ್ಲಾದುದರಿಂದ ಅಂದಿನ ಬಳ್ಳಾರಿ ಜಿಲ್ಲೆ ಇಂದಿಗಿಂತ ಬಹು ವಿಸ್ತಾರವಾಗಿದ್ದಿತು. ಸುಮಾರು ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನಸಂಖ್ಯೆಗೆ 533 ಪಾಠಶಾಲೆಗಳು, ಅವುಗಳಲ್ಲಿ 6,641 ವಿದ್ಯಾರ್ಥಿಗಳು ಎಂದು ಈತನು ಲೆಕ್ಕ ಕೊಟ್ಟಿರುವನು. 533ರಲ್ಲಿ 235 ಕನ್ನಡದವು, 226 ತೆಲುಗಿನವು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ.

ಆ ವರದಿಯಲ್ಲಿ ಕಲಿಕೆಯ ಕ್ರಮವೂ ವಿವರವಾಗಿ ಬಂದಿರುವುದು. ಐದನೆಯ ವರ್ಷಕ್ಕೆ ಅಕ್ಷರಾಭ್ಯಾಸ. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಪಳಗಿದ ಮೇಲೆ ಕಬ್ಬಿಣದ ಕಂಟದಿಂದ ಓಲೆಯ ಮೇಲೆ ಬರೆಯುವುದುಂಟು. ಆದರೆ ಈ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಹಲಗೆ ಮತ್ತು ಕಡತ. ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದ ಮೂರಡಿ ಉದ್ದದ ಮರದ ಹಲಗೆ. ಗಂಜಿ ಹಾಕಿ ಬಿರುಸು ಮಾಡಿ, ಮಡಿಕೆ ಮಡಿಕೆಯಾಗಿ ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟುಗಳ ಲೇಪ ಕೊಟ್ಟ ಬಟ್ಟೆಯ ಕಡತ. ಬಳಪದಿಂದ ಬರೆದುದನ್ನು ಒದ್ದೆಯ ಬಟ್ಟೆಯಿಂದ ಒರಸಿದರೆ ಮತ್ತೆ ಬರೆಯಲು ಸಿದ್ಧ. ಮುಂದಿನ ಮಕ್ಕಳು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಕ್ಯಾಂಬೆಲ್ಲನು ಮೆಚ್ಚಿ ಬರೆದಿರುವನು. ಬರವಣಿಗೆಯ ಸಾಧನಗಳಲ್ಲಿ ನಮ್ಮ ಹಿರಿಯರಿಗೆ ಕೊರತೆಯೇನೂ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಕೊರತೆ ಇದ್ದುದು ಓದುವ ಪುಸ್ತಕಗಳಲ್ಲಿ. ರಾಮಾಯಣ, ಮಹಾಭಾರತ, ಭಾಗವತಗಳ ಕನ್ನಡ ತೆಲುಗು ರೂಪಗಳೇ ಮುಖ್ಯ ಪಠ್ಯಗಳು. ಲಿಂಗಧಾರಿಗಳ ಮಕ್ಕಳಿಗೆ ಇವುಗಳ ಜೊತೆಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದವು. ನಮ್ಮ ಮನೆತನಗಳ ಮಕ್ಕಳು ಇನ್ನೂರು ವರ್ಷಗಳ ಹಿಂದೆ ಯಾವ ಗ್ರಂಥಗಳನ್ನು ಕೈಯಲ್ಲಿ ಹಿಡಿದಿದ್ದರೆಂಬುದನ್ನು ಇಂಥ ಸರಕಾರಿ ಕಾಗದದಲ್ಲಿ ಓದುವಾಗ ನಮಗೆ ಅಭಿಮಾನವಾಗುವುದು ಸಹಜ. ಭೀಮಕವಿಯ ಬಸವಪುರಾಣವು 1369ರ ಷಟ್ಪದಿ ಕಾವ್ಯ. ಹರಿಹರನ ಗಿರಿಜಾಕಲ್ಯಾಣವು ಚಂಪೂ ಪ್ರೌಢಕಾವ್ಯ. ಆದರೆ ಏಳೆಂಟು ವರ್ಷದ ಬಾಲಕನು ಚಂಪೂಕಾವ್ಯವನ್ನು ಹೇಗೆ ಓದುತ್ತಿದ್ದನು? ಕ್ಯಾಂಬೆಲ್ಲನು ಹೇಳುವ ಮಾತು ನಿಷ್ಠುರವಾದರೂ ವಿಚಾರಾರ್ಹವಾಗಿದೆ. ಪಠ್ಯಗಳೆಲ್ಲ ಪದ್ಯರೂಪದವು, ಅವುಗಳ ಭಾಷೆ ಮನೆಯಲ್ಲಿ ಪೇಟೆಯಲ್ಲಿ ಆಡುವ ಭಾಷೆಗಿಂತ ತೀರ ಬೇರೆ, ಮಕ್ಕಳ ಲಕ್ಷ್ಯವೆಲ್ಲ ಅಕ್ಷರಗಳ ಉಚ್ಚಾರದ ಮೇಲೆಯೇ ಹೊರತು ಅರ್ಥದ ಮೇಲಲ್ಲ ಎಂದು ಆತನ ಅಭಿಪ್ರಾಯ. ಕಲಿಸಿದ್ದನ್ನು ನುಡಿಯುವ ಗಿಳಿಯ ಉಪಮೆಯನ್ನೇ ಆತನು ಕೊಟ್ಟಿರುವನು. ಸಾಲದುದಕ್ಕೆ ಕೈಬರಹದ ಪ್ರತಿಗಳು ತಪ್ಪುಗಳಿಂದ ತುಂಬಿದ್ದವೆಂದೂ, ದೇಶವು ಬಡತನಕ್ಕೆ ಇಳಿಯುತ್ತಿದ್ದುದರಿಂದ ಪಾಠಶಾಲೆಗಳೇ ಕ್ಷೀಣಿಸುತ್ತಿದ್ದವೆಂದೂ ಆ ವರದಿಯಿಂದ ತಿಳಿಯುವುದು.

ಹಾಗಾದರೆ ನಮ್ಮ ಹಿರಿಯರು ತಿಳಿಯದವರೇ? ಹಾಗೆನ್ನುವುದು ಅನ್ಯಾಯವಾದೀತು. ಶ್ರೀಮಠದ ಭಂಡಾರದಲ್ಲಿರುವ ತಾಳೆಯೋಲೆಯ ಕಟ್ಟೊಂದನ್ನು ಬಿಚ್ಚಿ ನೋಡಿದವರಿಗೆ ನಿಜಸ್ಥಿತಿ ಅರಿವಾಗುವುದು. ಓಲೆಯಲ್ಲಿ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ತೆರವಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳ ಒಂದೇ ಸರಮಾಲೆ. ಪದವೆಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಮೊದಲಾಯಿತು ಎಂಬುದನ್ನು ಕಾವ್ಯವನ್ನು ಮೊದಲೇ ಬಲ್ಲವನು ಮಾತ್ರ ಬಿಡಿಸಬಲ್ಲನು. ಆದುದರಿಂದ ಓಲೆಯ ಕಾಲದ ಓದು ಎಂದೂ ಒಂಟಿ ಓದಲ್ಲ. ಒಬ್ಬನು ರಾಗವಾಗಿ ಓದಬೇಕು, ಇನ್ನೊಬ್ಬನು ಅರ್ಥ ಹೇಳಬೇಕು, ಮನೆಯವರೂ ನೆರೆಯವರೂ ಕುಳಿತು ಕೇಳಬೇಕು. ಅಂಥ ಓದಿಗೆ ಷಟ್ಪದಿಯೇ ಯೋಗ್ಯ. ಅದರ ನಡೆ ಕಿವಿಗೆ ಹಿತ, ನೆನಪಿಗೆ ಆಧಾರ. ಹಿರಿಯರು ತಮ್ಮ ಕಾಲದ ಓದಿಗೆ ತಕ್ಕ ಪುಸ್ತಕಗಳನ್ನೇ ಆರಿಸಿದ್ದರು. ಓದಿನ ಸ್ವರೂಪವು ಬದಲಾದ ಮೇಲೆಯೂ ಅದೇ ಪುಸ್ತಕಗಳನ್ನು ಮಗುವಿನ ಕೈಗೆ ಕೊಟ್ಟು ಒಬ್ಬನೇ ಓದೆಂದು ಮೂಲೆಯಲ್ಲಿ ಕೂಡ್ರಿಸಿದವರು ನಾವು. ತಪ್ಪು ನಮ್ಮದು.

ಓದಿನ ಸ್ವರೂಪವನ್ನು ಬದಲಿಸಿದ್ದು ಅಚ್ಚಿನ ಮೊಳೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. 1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಪದಗಳ ನಡುವೆ ತೆರವು, ವಾಕ್ಯದ ಕೊನೆಗೆ ಬಿಂದು, ವಿಷಯ ಬದಲಾದಾಗ ಹೊಸ ಸಾಲು, ಇವು ಇಂದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಗುರುವಿನ ನೆರವಿಲ್ಲದೆ ಓದಬೇಕಾದ ಮಗುವಿಗೆ ಇವೇ ಊರುಗೋಲು. ಇದೇ ಕಾಲದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಶಾಲೆಗಳ ಭಾಷೆಯಾಗಿ ಮರಾಠಿಯೇ ಮೆರೆಯುತ್ತಿರಲು, ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠವಾಗಬೇಕೆಂದು ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಅಗ್ರಗಣ್ಯರು. ಮಗುವಿಗೆ ತಿಳಿಯದ ಭಾಷೆಯ ಪುಸ್ತಕವು ಎಷ್ಟೇ ಉತ್ತಮವಾಗಿರಲಿ, ಅದು ಆ ಮಗುವಿನ ಪುಸ್ತಕವಲ್ಲವೆಂಬುದನ್ನು ಅವರು ತಮ್ಮ ಕಾರ್ಯದಿಂದ ತೋರಿಸಿಕೊಟ್ಟರು. ವಿದ್ಯಾ ಇಲಾಖೆಯ ಕಡೆಯಿಂದ 1860ರ ದಶಕದಲ್ಲಿ ಹೊರಟ ಪತ್ರಿಕೆಗೆ ಮಠಪತ್ರಿಕೆಯೆಂದು ಹೆಸರಿಟ್ಟದ್ದು ಗಮನಾರ್ಹವಾದುದು. ಶಾಲೆಯೆಂದರೆ ಮಠವೆಂಬ ಹಳೆಯ ಅರ್ಥವು ಹೊಸ ಸರಕಾರದ ಕಾಗದದಲ್ಲಿಯೂ ಉಳಿದುಕೊಂಡಿತು. ಒಂದನೆಯ ಪುಸ್ತಕ, ಎರಡನೆಯ ಪುಸ್ತಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಗದ್ಯದ ವಾಚನಪುಸ್ತಕಗಳು ಹೀಗೆ ನಮ್ಮಲ್ಲಿ ಬೇರೂರಿದವು.

ಆದರೆ ಪಾಠಪುಸ್ತಕವೊಂದರಿಂದಲೇ ಓದುವ ಅಭ್ಯಾಸ ಕೈಗೂಡದು. ಪಾಠಪುಸ್ತಕವನ್ನು ಮಗು ಅಂಜಿಕೆಯಿಂದ ತೆರೆಯುವುದು. ಕಥೆಯ ಪುಸ್ತಕವನ್ನು ಆಸೆಯಿಂದ ತೆರೆಯುವುದು. ಇದನ್ನು ಚೆನ್ನಾಗಿ ಅರಿತವರು ಪಂಜೆ ಮಂಗೇಶರಾಯರು (1874–1937). ಶಾಲೆಗಳ ತನಿಖೆಯ ಕೆಲಸದಲ್ಲಿ ಊರೂರು ಸುತ್ತಿ ಮಕ್ಕಳನ್ನು ಕಣ್ಣಾರೆ ಕಂಡ ಈ ಮಹನೀಯರು ಮಕ್ಕಳಿಗಾಗಿ ಬರೆದ ಪದ್ಯಗಳೂ ಕಥೆಗಳೂ ಕನ್ನಡಕ್ಕೆ ಒಂದು ಹೊಸ ದಾರಿಯನ್ನು ತೆರೆದವು. ಅವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯನ್ನು ಪರೀಕ್ಷಿಸಿ ನೋಡಬೇಕು. ಒಂದು ಪ್ರಶ್ನೆಗೆ ಒಂದು ಉತ್ತರ. ಆ ಉತ್ತರದಿಂದ ಮತ್ತೊಂದು ಪ್ರಶ್ನೆ. ಹೀಗೆ ಸರಪಳಿಯಂತೆ ಕಥೆ ಬೆಳೆಯುವುದು. ಅದೇ ಮಾತುಗಳು ಮರಳಿ ಮರಳಿ ಬರುವುದರಿಂದ ಮೊದಲ ಸಲ ತಡವರಿಸಿದ ಪದವನ್ನು ಮಗು ಮೂರನೆಯ ಸಲಕ್ಕೆ ಸಲೀಸಾಗಿ ಓದುವುದು. ಮುಂದೇನೆಂಬ ಕುತೂಹಲವು ಅದನ್ನು ಕೊನೆಯವರೆಗೆ ಎಳೆದೊಯ್ಯುವುದು. ಸಿಗಡಿಯೆಂಬುದು ಕರಾವಳಿಯವರ ಆಹಾರದ ಪದಾರ್ಥವಾದುದರಿಂದ ಮಠದ ಮಕ್ಕಳ ಕಪಾಟಿನಲ್ಲಿ ಈ ಕಥೆ ಇರಬಹುದೇ ಎಂದು ನನ್ನನ್ನು ಕೇಳಿದವರುಂಟು. ನಾನೂ ಒಮ್ಮೆ ಹಿಂಜರಿದದ್ದುಂಟು. ಸಮುದ್ರತೀರದ ಮಗುವಿಗೆ ತನ್ನ ಅಂಗಳದಲ್ಲಿ ಕಂಡ ವಸ್ತುವನ್ನೇ ಪಂಜೆಯವರು ಕೊಟ್ಟರೆಂಬುದನ್ನು ತಿಳಿದ ಮೇಲೆ ನನ್ನ ಹಿಂಜರಿಕೆ ಹೋಯಿತು. ನಮ್ಮ ಎರೆನಾಡಿನ ಮಗುವಿಗೆ ಜೋಳದ ಹೊಲ, ಎತ್ತು, ಕಾರಹುಣ್ಣಿವೆಗಳ ಕಥೆಗಳನ್ನು ಹಾಗೆಯೇ ಬರೆದುಕೊಡುವವರು ಹೆಚ್ಚಬೇಕೆಂಬುದೇ ಅದರಿಂದ ಕಲಿಯತಕ್ಕ ಪಾಠ.

ಪಂಜೆಯವರ ತರುವಾಯ ಜಿ. ಪಿ. ರಾಜರತ್ನಂ ಅವರು ಎಳೆಯ ಮಕ್ಕಳ ಬಾಯಿಗೆ ಒಗ್ಗುವ ಪದ್ಯಗಳನ್ನು ಬರೆದರು. ಕುವೆಂಪು ಅವರು ಇಂಗ್ಲಿಷ್ ಕಥೆಯೊಂದನ್ನು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನಾಗಿ ಮಾಡಿ ಕನ್ನಡದ ನೆಲದಲ್ಲಿ ನಿಲ್ಲಿಸಿದರು. ಶಿವರಾಮ ಕಾರಂತರು ಓದಲು ನುರಿತ ಮಕ್ಕಳಿಗಾಗಿ ಬಾಲಪ್ರಪಂಚವೆಂಬ ಜ್ಞಾನಸಂಪುಟಗಳನ್ನು ರಚಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ದಿಲ್ಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸಂಸ್ಥೆಗಳು ಹುಟ್ಟಿದವು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು ಕನ್ನಡವೂ ಸೇರಿ ಅನೇಕ ಭಾಷೆಗಳಲ್ಲಿ, ಮಗುವಿನ ಓದಿನ ಬಲಕ್ಕೆ ತಕ್ಕಂತೆ ನಾಲ್ಕು ಮಟ್ಟಗಳನ್ನು ಗೊತ್ತುಮಾಡಿ, ಚಿತ್ರಸಹಿತವಾದ ಚಿಕ್ಕ ಪುಸ್ತಕಗಳನ್ನು ಹೊರಡಿಸುತ್ತಿರುವರು. ಕ್ಯಾಂಬೆಲ್ಲನ ಕಾಲದ ಪುಸ್ತಕದ ಬರಗಾಲ ಇಂದಿಲ್ಲ. ಇಂದಿರುವುದು ಆಯ್ಕೆಯ ಪ್ರಶ್ನೆ.

ಇನ್ನು ನನ್ನ ತಪ್ಪಿನ ಮಾತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನು. ಅಮರವನ್ನೂ ಶಬ್ದರೂಪಗಳನ್ನೂ ಬೆಳಗಿನ ಜಾವದಲ್ಲಿ ಕಂಠಪಾಠ ಮಾಡಿದವನು. ಆ ವಿದ್ಯೆಯೇ ನನ್ನ ಅನ್ನಕ್ಕೂ ಗೌರವಕ್ಕೂ ಕಾರಣವಾದುದರಿಂದ ಅದನ್ನು ಹಳಿಯುವ ಕೃತಘ್ನತೆ ನನ್ನಲ್ಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯಕ್ಕೆ ಎಂಟು ವರ್ಷದ ಹುಡುಗನೊಬ್ಬನು ಬಂದು ಸೇರಿದನು. ಬುದ್ಧಿ ಚುರುಕು, ಕಂಠ ಮಧುರ. ಬಸವಜಯಂತಿಯ ದಿನ ಅವನಿಗೆ ಪುರಾಣದ ಗದ್ಯಾನುವಾದವೊಂದನ್ನು ಕೊಟ್ಟು, ದಿನಕ್ಕೊಂದು ಪುಟ ಓದಬೇಕೆಂದು ವಿಧಿಸಿದೆನು. ತಿಂಗಳಾದ ಮೇಲೆ ಕರೆದು ಓದಿಸಲಾಗಿ ಮೊದಲ ಪುಟವನ್ನು ನೀರು ಹರಿದಂತೆ ಓದಿದನು. ನನಗೆ ಬಹಳ ಸಂತೋಷವಾಯಿತು. ಅಷ್ಟರಲ್ಲಿ ಅವನ ಕಣ್ಣು ಪುಸ್ತಕದ ಮೇಲಿಲ್ಲದುದನ್ನು ಕಂಡೆನು. ಅದೇ ಪುಟದ ನಡುವಣ ಒಂದು ಸಾಲಿನ ಮೇಲೆ ಬೆರಳಿಟ್ಟು ಇಲ್ಲಿಂದ ಓದೆಂದೆನು. ಹುಡುಗನು ಸುಮ್ಮನಾದನು. ದೊಡ್ಡ ಹುಡುಗರಿಂದ ಓದಿಸಿ ಕೇಳಿ ಆ ಪುಟವನ್ನು ಅವನು ಬಾಯಿಪಾಠ ಮಾಡಿದ್ದನು. ಎರಡನೆಯ ಪುಟವನ್ನು ತೆರೆದಿರಲೇ ಇಲ್ಲ. ಅವನ ಕಣ್ಣಲ್ಲಿ ನೀರು ಬಂದಿತು. 1823ರ ಆ ವರದಿಯನ್ನು ಎಷ್ಟೋ ಸಲ ಓದಿ ಟಿಪ್ಪಣಿ ಮಾಡಿಕೊಂಡಿದ್ದ ನಾನು, ಆ ವರದಿಯ ಮಗುವನ್ನೇ ನನ್ನ ಕೈಯಿಂದ ಮತ್ತೆ ಸೃಷ್ಟಿಸಿದ್ದೆನು!

ಮರುದಿನ ಪುರಾಣವನ್ನು ಹಿಂದಕ್ಕೆ ತೆಗೆದುಕೊಂಡು, ಹದಿನಾರು ಪುಟದ ಚಿತ್ರದ ಕಥೆಯೊಂದನ್ನು ಕೊಟ್ಟೆನು. ಪುಟಕ್ಕೆ ಎರಡೇ ವಾಕ್ಯಗಳು. ಕಂಬಕ್ಕೊರಗಿ ಕುಳಿತು, ಬೆರಳಿಟ್ಟುಕೊಂಡು, ತಡವರಿಸುತ್ತ, ಅರ್ಧ ತಾಸಿನಲ್ಲಿ ಮುಗಿಸಿದನು. ಸಂಜೆಯ ಪ್ರಾರ್ಥನೆಗೆ ಮುಂಚೆ ಇನ್ನೆರಡು ಸಲ ಓದಿದ್ದನೆಂದು ಆಮೇಲೆ ತಿಳಿಯಿತು. ಪ್ರಸಾದದ ಪಂಕ್ತಿಯಲ್ಲಿ ನನ್ನ ಹತ್ತಿರ ಬಂದು, “ಗುರುಗಳ, ಇಂಥಾದ್ದ ಇನ್ನೊಂದ ಐತೇನ್ರೀ?” ಎಂದು ಕೇಳಿದನು. ಕಪಾಟಿನಲ್ಲಿ ಇನ್ನೊಂದು ಇರಲಿಲ್ಲ. ಈ ಲೇಖನವು ಹುಟ್ಟಿದ್ದು ಆ ಪ್ರಶ್ನೆಯಿಂದ.

ಆದಕಾರಣ ಪುಸ್ತಕವನ್ನು ಕೊಡಬಯಸುವ ಸದ್ಭಕ್ತರ ಅವಗಾಹನೆಗಾಗಿ ಇತಿಹಾಸದಿಂದಲೂ ಅನುಭವದಿಂದಲೂ ತಿಳಿದುಬಂದ ಕೆಲವು ಸೂಚನೆಗಳನ್ನು ಬಿನ್ನವಿಸುವೆನು. ಮೊದಲನೆಯದಾಗಿ, ಪುಸ್ತಕವು ಮಗು ಒಂದೇ ಕೂಡ್ರಿಕೆಯಲ್ಲಿ ಮುಗಿಸುವಷ್ಟು ಚಿಕ್ಕದಿರಬೇಕು. ಮುಗಿಸಿದೆನೆಂಬ ತೃಪ್ತಿಯೇ ಮುಂದಿನ ಪುಸ್ತಕಕ್ಕೆ ದಾರಿ. ಎರಡನೆಯದಾಗಿ, ಭಾಷೆ ಮಗು ಕೇಳಿ ಬಲ್ಲ ಭಾಷೆಯಾಗಿರಬೇಕು. ಕೇಳಿದರೆ ತಿಳಿಯದ ಮಾತು ಓದಿದರೆ ತಿಳಿಯಲಾರದು. ಮೂರನೆಯದಾಗಿ, ನಮ್ಮ ಲಿಪಿಯ ಸ್ವಭಾವವನ್ನು ನೆನಪಿನಲ್ಲಿಡಬೇಕು. ಕಾಗುಣಿತದ ಬಳ್ಳಿಯನ್ನು ದಾಟಿದ ಮಗುವಿಗೆ ಒತ್ತಕ್ಷರಗಳು ಎರಡನೆಯ ಗುಡ್ಡ. ಅದರ ಮೇಲೆ ಸಂಧಿ, ಸಮಾಸ, ಪ್ರತ್ಯಯಗಳು ಸೇರಿ ಒಂದೊಂದು ಪದವೂ ರೈಲಿನ ಡಬ್ಬಿಗಳಂತೆ ಉದ್ದವಾಗುವುದು. ಸಜಾತೀಯ ಒತ್ತುಗಳುಳ್ಳ ಅಕ್ಕ, ಅಪ್ಪ, ಬೆಲ್ಲ, ಹಳ್ಳಗಳಿಂದ ಮೊದಲಾಗಿ, ವಿಜಾತೀಯ ಒತ್ತುಗಳು ಮೆಲ್ಲಗೆ ಬರುವ ಪುಸ್ತಕವೇ ಹಿತ. ನಾಲ್ಕನೆಯದಾಗಿ, ಅಕ್ಷರ ದೊಡ್ಡದಿರಬೇಕು, ಸಾಲುಗಳ ನಡುವೆ ತೆರವು ಧಾರಾಳವಾಗಿರಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತು ಮಗುವಿನ ಕಣ್ಣು ತಪ್ಪುವುದು. ಚಿತ್ರಗಳು ಕಥೆಗೆ ಹೊಂದಿರಬೇಕು.

ಐದನೆಯದು ಪರೀಕ್ಷೆಯ ಮಾತು. ಇಂದಿನ ಅಧ್ಯಾಪಕರಲ್ಲಿ ಐದು ಬೆರಳಿನ ಲೆಕ್ಕವೆಂಬುದೊಂದು ರೂಢಿಯುಂಟು. ಹೊಸ ಪುಸ್ತಕದ ಒಂದು ಪುಟವನ್ನು ಮಗುವಿನಿಂದ ಓದಿಸುವುದು. ತಡೆದು ನಿಂತ ಪ್ರತಿಯೊಂದು ಪದಕ್ಕೂ ಒಂದು ಬೆರಳು ಮಡಿಸುವುದು. ಒಂದೆರಡು ಬೆರಳಾದರೆ ಪುಸ್ತಕ ಯೋಗ್ಯ. ಐದೂ ಬೆರಳು ಮಡಿದರೆ ಆ ಪುಸ್ತಕವನ್ನು ಮಗು ಒಬ್ಬನೇ ಓದತಕ್ಕದ್ದಲ್ಲ, ಹಿರಿಯರು ಓದಿ ಹೇಳತಕ್ಕದ್ದು. ಪುಟಕ್ಕೆ ಹತ್ತಿಪ್ಪತ್ತು ಪದಗಳಷ್ಟೇ ಇರುವ ಚಿಕ್ಕ ಪುಸ್ತಕಗಳಲ್ಲಿ ಎರಡು ಬೆರಳೇ ಹೆಚ್ಚೆಂದು ನನ್ನ ಅನುಭವ. ಓದಿಸುವಾಗ ಪುಟದ ನಡುವಿನಿಂದ ಓದಿಸಲು ಮರೆಯಬಾರದು. ಆ ಹುಡುಗನು ನನಗೆ ಕಲಿಸಿದ ಪಾಠವದು. ಕೊನೆಯದಾಗಿ, ನಾಲ್ಕು ಪುಸ್ತಕಗಳನ್ನು ಮುಂದಿಟ್ಟು ಒಂದನ್ನು ಮಗುವೇ ಆರಿಸಿಕೊಳ್ಳಲೆಂದು ಬಿಡಬೇಕು. ಓದಿದ್ದನ್ನೇ ಮತ್ತೆ ಓದಿದರೆ ಬೇಡವೆನ್ನಬಾರದು.

ಹಾಗಾದರೆ ಪುರಾಣಗಳನ್ನೂ ಶರಣರ ಚರಿತೆಗಳನ್ನೂ ಕೈಬಿಡಬೇಕೇ ಎಂದು ಕೆಲವರು ಆಕ್ಷೇಪಿಸಬಹುದು. ಎಂದಿಗೂ ಇಲ್ಲ. ಅವುಗಳ ಸ್ಥಾನವು ಮೊದಲಿನಂತೆಯೇ ಕಿವಿಯಲ್ಲಿ. ಶ್ರಾವಣಮಾಸದ ಪುರಾಣದಲ್ಲಿ ಮಗು ಹಿರಿಯರ ಮಗ್ಗುಲಲ್ಲಿ ಕುಳಿತು ಕೇಳಲಿ. ಅರ್ಥ ಹೇಳುವವರು ಬಿಡಿಸಿ ಹೇಳಲಿ. ಕೇಳಿ ಶ್ರೀಮಂತವಾದ ಕಿವಿಯೇ ಮುಂದೆ ಓದುವ ಕಣ್ಣಿಗೆ ಬಂಡವಾಳ. ಶರಣರು ಆಡುವ ಕನ್ನಡದಲ್ಲಿಯೇ ತಮ್ಮ ಅನುಭಾವವನ್ನು ನುಡಿದವರು. ಬೆಡಗಿನವುಗಳನ್ನು ಬಿಟ್ಟು, ಸರಳವಾದ ನಾಲ್ಕೈದು ಸಾಲಿನ ವಚನಗಳನ್ನು ದೊಡ್ಡ ಅಕ್ಷರಗಳಲ್ಲಿ, ಪುಟಕ್ಕೊಂದರಂತೆ ಅಚ್ಚು ಮಾಡಿಸಿದರೆ ಮೂರನೆಯ ಇಯತ್ತೆಯ ಮಗು ತಾನೇ ಓದಬಲ್ಲದು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ ವಚನಗಳನ್ನು ಓಲೆಯ ಕಟ್ಟಿನಿಂದ ಜನರ ಕೈಗೆ ತಂದರು. ಅವುಗಳನ್ನು ಮಕ್ಕಳ ಕೈಗೆ ತರುವ ಕೆಲಸ ನಮ್ಮ ಪಾಲಿಗೆ ಉಳಿದಿರುವುದು.

ಆ ಹುಡುಗನು ಈಗ ಹೈಸ್ಕೂಲಿನಲ್ಲಿರುವನು. ಪುಸ್ತಕಭಂಡಾರದ ಬೀಗದ ಕೈ ಕೇಳಲು ಆಗಾಗ ಬರುವನು. ಅವನು ಎರಡು ಪುಟ ಓದಲಾರದೆ ಬಿಟ್ಟ ಆ ಪುರಾಣವು ಮೇಲಿನ ಸಾಲಿನಲ್ಲಿಯೇ ಇರುವುದು. ಅವನು ತೆಗೆದುಕೊಂಡಾಗ ತೆಗೆದುಕೊಳ್ಳಲಿ, ಅವಸರವಿಲ್ಲ. ಆದರೆ ಈ ವರ್ಷ ಹೊಸದಾಗಿ ಬಂದ ಮಕ್ಕಳ ಸಲುವಾಗಿ ಕೆಳಗಿನ ಸಾಲು, ಅಂದರೆ ಎಂಟು ವರ್ಷದ ಕೈ ಎಟಕುವ ಸಾಲು, ಇನ್ನೂ ಬರಿದಾಗಿರುವುದು. ಮಹೋತ್ಸವಕ್ಕೆ ಕಾಣಿಕೆ ಸಲ್ಲಿಸಬಯಸುವ ಭಕ್ತರು ಒಂದು ದೊಡ್ಡ ಗ್ರಂಥದ ಬೆಲೆಯಲ್ಲಿ ಹತ್ತು ಚಿಕ್ಕ ಪುಸ್ತಕಗಳನ್ನು ಕೊಡಮಾಡಿದರೆ, ಇನ್ನೊಂದು ಐತೇನ್ರೀ ಎಂದು ಕೇಳುವ ಮಗುವಿಗೆ ಇದೆಯಪ್ಪಾ ಎಂದು ಹೇಳುವ ಭಾಗ್ಯ ಶ್ರೀಮಠಕ್ಕೆ ದೊರೆಯುವುದು.

ಶಿವಾರ್ಪಣಮಸ್ತು.